ಎಂಟು ಪದ್ಯದ ಹಾಲು

ಆ ಮನೆಯಲ್ಲಿ ಹಾಲು ಕಾಯುವುದಕ್ಕೆ ಎಂಟು ಪದ್ಯ ಬೇಕಾಗಿತ್ತು. ಏಳನೆಯದಕ್ಕೆ ಪಾತ್ರೆಯ ಅಂಚಿನಲ್ಲಿ ಸಣ್ಣಗೆ ಸರಸರ ಸದ್ದು ಶುರುವಾಗುತ್ತಿತ್ತು. ಎಂಟನೆಯದರ ಕೊನೆಯ ಸಾಲಿಗೆ ಸರಿಯಾಗಿ ಹಾಲು ಮೇಲೇಳುತ್ತಿತ್ತು. ಆಗ ದೊಡ್ಡಮ್ಮ ಗ್ಯಾಸ್ ಒಲೆಯ ನಾಬು ತಿರುಗಿಸಿ ಆರಿಸಿ, ಪದ್ಯ ಮುಗಿಸಿ, ಕೈಮುಗಿದು, ಕಾಫಿ ಬೆರೆಸುತ್ತಿದ್ದಳು. ಇಪ್ಪತ್ತೇಳು ವರ್ಷಗಳಲ್ಲಿ ಹಾಲು ಉಕ್ಕಿದ್ದು ಎರಡೇ ಸಲ. ಒಮ್ಮೆ ಅವಳಿಗೆ ಕೆಮ್ಮು ಹತ್ತಿತ್ತು. ಇನ್ನೊಮ್ಮೆ ಐದನೇ ಪದ್ಯದ ನಡುವೆ ಒಂದು ಮಾತು ಕೈಕೊಟ್ಟು ಮತ್ತೆ ಮೊದಲಿನಿಂದ ಹಿಡಿದಿದ್ದಳು.

ಆರಾರು ಸಾಲಿನ ಆ ಪದ್ಯಗಳು ಅಪ್ಪನಿಂದ ಬಂದವು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದ ಮೇಲೆ ಅವಳು ಅಪ್ಪನ ಮೊಣಕಾಲಿಗೆ ಒರಗಿ ಕೂತು, ಅವನು ರಾಗವಾಗಿ ಓದುವುದನ್ನು ಕೇಳುತ್ತಿದ್ದಳು. ಯಾರೂ ಕಲಿಸಲಿಲ್ಲ. ಕೇಳಿ ಕೇಳಿಯೇ ನಾಲಿಗೆಗೆ ಹತ್ತಿಕೊಂಡವು. "ದೇವರು ಕಾಣಲ್ಲ ಅಂತ ನಿನಗೆ ಬೇಜಾರಾಗಲ್ವಾ?" ಎಂದು ತಂಗಿ ಚಿಕ್ಕಂದಿನಲ್ಲಿ ಕೇಳಿದ್ದಳಂತೆ. "ಆ ಒಂದು ವಿಷಯದಲ್ಲಿ ನಾವಿಬ್ರೂ ಸಮ, ನಿನಗೂ ಕಾಣಲ್ಲ," ಎಂದಿದ್ದಳಂತೆ ಅಕ್ಕ.

ಓದಿ ದೊಡ್ಡವಳಾದ ಮೇಲೆ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಮೂವತ್ತೊಂದು ವರ್ಷ ಕೂತಳು. ಹಲೋ ಎಂದ ದನಿಯಲ್ಲೇ ಆ ಕಡೆಯವರಿಗೆ ಹೆರಿಗೆ ವಾರ್ಡು ಬೇಕೋ ಮೂಳೆ ಡಾಕ್ಟರು ಬೇಕೋ ಹೇಳುತ್ತಾಳೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರು. ಆ ಕೆಲಸದ ನಡುವೆಯೇ, ತಂಗಿಯ ಗಂಡ ತೀರಿಕೊಂಡ ವರ್ಷ, ಒಂದು ಪೆಟ್ಟಿಗೆ ಹಿಡಿದು ತಂಗಿಯ ಮನೆಗೆ ಬಂದಳು. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಆರು ತಿಂಗಳ ಕೂಸೊಂದು ಆಗ ಅಲ್ಲಿ ಹಗಲಿರುಳೂ ಕೀಚಲು ದನಿಯಲ್ಲಿ ಅಳುತ್ತಿತ್ತು. "ಯಾರೇ ಇದು, ಕಲಿಯೋರ ಕೈಗೆ ಸಿಕ್ಕಿದ ಪಿಟೀಲು!" ಎಂದು ದೊಡ್ಡಮ್ಮ ಎತ್ತಿಕೊಂಡಳು. ಕೂಸು ಸುಮ್ಮನಾಯಿತು. ಹೆಸರು ಮಾತ್ರ ಉಳಿಯಿತು.

ಆ ಪಿಟೀಲು ಈಗ ಎಂಜಿನಿಯರು. ಒಲೆ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಒಂದು ಭಾನುವಾರ ಮಧ್ಯಾಹ್ನ ಕರೆಂಟಿನ ಒಲೆಯೊಂದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೂರು ಮಹಡಿ ಹತ್ತಿ ಬಂದಳು. ಏದುಸಿರಿನ ಒಳಗೇ ನಗು ಇತ್ತು.

"ದೊಡ್ಡಮ್ಮಾ, ಕೈ ಕೊಡು. ಇದರ ಮೇಲ್ಮೈ ಪೂರ್ತಿ ನಂದು. ನಾನೇ ಮಾಡಿದ್ದು. ಮೊದಲನೇ ಪೀಸು."

ದೊಡ್ಡಮ್ಮ ಸವರಿದಳು. ತಣ್ಣಗೆ, ನುಣ್ಣಗೆ, ಒಂದೇ ಗಾಜು. ನಾಬಿಲ್ಲ, ಗುಂಡಿಯಿಲ್ಲ, ಅಂಚು ಬಿಟ್ಟರೆ ಮತ್ತೇನೂ ಇಲ್ಲ.

"ಎಲ್ಲೇ ಇದರ ಕಿವಿ? ಹಿಂಡೋದು ಎಲ್ಲಿ?"

"ಹಿಂಡೋದೇ ಬೇಡ. ಮುಟ್ಟಿದ್ರೆ ಸಾಕು. ನೋಡಿಲ್ಲಿ, ನಿನಗೋಸ್ಕರ ಆರು ಚುಕ್ಕಿ ಅಂಟಿಸಿದೀನಿ. ಇದು ಆನ್, ಇದು ಹೆಚ್ಚು, ಇದು ಕಡಿಮೆ. ಬೆರಳಿಗೆ ಸಿಗುತ್ತೆ ತಾನೇ? ನಾವೆಲ್ಲ ಟವೆಲ್‌ನಿಂದ ಕಣ್ಣು ಕಟ್ಕೊಂಡು ಟೆಸ್ಟ್ ಮಾಡಿದೀವಿ. ಎಲ್ರೂ ಪಾಸು."

ಅವಳ ದನಿ ಕುಣಿಯುತ್ತಿತ್ತು. ಐದನೇ ಕ್ಲಾಸಿನಲ್ಲಿ ಓಟದ ಪಂದ್ಯದಲ್ಲಿ ಮೂರನೇ ಬಹುಮಾನ ತಂದಾಗಿನ ದನಿ ಅದು. ದೊಡ್ಡಮ್ಮ ಅವಳ ಕೆನ್ನೆ ಹುಡುಕಿ ತಟ್ಟಿ, "ಬಂಗಾರದಂಥ ಒಲೆ ಕಣೇ," ಎಂದಳು. ಹಳೆಯ ಒಲೆ ಅಟ್ಟಕ್ಕೆ ಹೋಯಿತು. ಸಿಲಿಂಡರು ಬಾಲ್ಕನಿಗೆ ಹೋಯಿತು.

ಮಾರನೆಯ ಬೆಳಗ್ಗೆ ಐದೂವರೆಗೆ, ಯಾರೂ ಏಳುವ ಮುಂಚೆ, ದೊಡ್ಡಮ್ಮ ಎಂದಿನಂತೆ ಅಡುಗೆಮನೆಗೆ ಬಂದಳು. ಆ ಅರ್ಧ ಗಂಟೆ ಅವಳದು. ಆರು ಗಂಟೆಯವರೆಗೆ ಅಡುಗೆಮನೆಗೆ ಬೇರೆಯವರು ಕಾಲಿಡುವಂತಿರಲಿಲ್ಲ. ಮನೆಯಲ್ಲಿ ಮಿಕ್ಕ ಕೆಲಸಗಳಲ್ಲಿ ತಂಗಿ "ನೀನು ಕೂತ್ಕೋ ಅಕ್ಕ" ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಬೆಳಗಿನ ಕಾಫಿ ಮಾತ್ರ ಅವಳ ಕೈಯಿಂದಲೇ ಮೂವರಿಗೂ ಹೋಗಬೇಕು. ಅದನ್ನು ಕುಡಿದ ಮೇಲೆಯೇ ಆ ಮನೆಯಲ್ಲಿ ಬೆಳಗಾಗುತ್ತಿದ್ದುದು.

ಪಾತ್ರೆ ಇಟ್ಟಳು. ಚುಕ್ಕಿ ಎಲ್ಲಿದೆ ಎಂದು ಬೆರಳಾಡಿಸಿದಳು. ಕುಂಯ್ ಎಂದಿತು. ಬೆಚ್ಚಿ ಕೈ ತೆಗೆದಳು. ಏನು ಹತ್ತಿತೋ ಏನು ಆರಿತೋ ತಿಳಿಯಲಿಲ್ಲ. ಮತ್ತೆ ಹುಡುಕಿದಳು. ಕುಂಯ್, ಕುಂಯ್. ಎರಡನೇ ಚುಕ್ಕಿಗೆ ಹೋಗುವ ದಾರಿಯಲ್ಲಿ ಮೊದಲನೆಯದಕ್ಕೆ ಬೆರಳು ತಾಗುತ್ತಿತ್ತು, ತಾಗಿದ್ದೇ ತಡ ಒಲೆ ಅದನ್ನು ಅಪ್ಪಣೆ ಎಂದುಕೊಳ್ಳುತ್ತಿತ್ತು. ಹೇಗೋ ಒಂದು ಸಲ ಒಲೆಯೊಳಗಿಂದ ಗುಂಯ್‌ಗುಡುವ ಸದ್ದು ಬಿಡದೆ ಬರತೊಡಗಿತು. ಸರಿ, ಹತ್ತಿದೆ ಎಂದುಕೊಂಡು ಪದ್ಯ ಎತ್ತಿದಳು. ಮೂರನೇ ಪದ್ಯದ ನಾಲ್ಕನೇ ಸಾಲಿಗೇ ಹಾಲು ದಬದಬ ಉಕ್ಕಿ, ಗಾಜಿನ ಮೇಲೆ ಹರಿದು, ಅಂಚಿನಿಂದ ಅವಳ ಪಾದದ ಮೇಲೆ ಸುರಿಯಿತು. ಆರಿಸೋಣವೆಂದರೆ ಚುಕ್ಕಿಗಳ ಮೇಲೆ ಹಾಲು. ಒದ್ದೆ ಬೆರಳಿಗೆ ಒಲೆ ಕಿವುಡಾಗಿತ್ತು, ಹರಿಯುವ ಹಾಲು ಮುಟ್ಟಿದ್ದಕ್ಕೆ ಮಾತ್ರ ತಾನೇ ತಾನಾಗಿ ಕೂಗಿಕೊಳ್ಳುತ್ತಿತ್ತು.

ಸದ್ದಿಗೆ ತಂಗಿ ಓಡಿಬಂದು ಗೋಡೆಯ ಸ್ವಿಚ್ಚು ಆರಿಸಿದಳು.

"ಅಕ್ಕಾ! ಕಾಲು ಸುಟ್ಟಿತಾ?"

"ಶ್! ಮೆಲ್ಲಗೆ. ಮಗು ಎದ್ದುಬಿಡುತ್ತೆ."

"ಮಗುವಂತೆ! ಇಪ್ಪತ್ತೇಳು ವರ್ಷದ ಮಗು. ಎಬ್ಬಿಸಿ ತೋರಿಸ್ತೀನಿ ಇರು, ಏನು ಮಾಡಿಟ್ಟಿದಾಳೆ ಅಂತ."

ದೊಡ್ಡಮ್ಮ ಅವಳ ಸೆರಗು ಹಿಡಿದು ನಿಲ್ಲಿಸಿದಳು. "ಬೇಡ. ನಿನ್ನೆ ಅವಳ ದನಿ ಕೇಳಿದ್ಯಾ ನೀನು? ಮೊದಲನೇ ಕೆಲಸ ಕಣೇ ಅದು. ನಾಲ್ಕು ದಿನ ಹೋಗ್ಲಿ, ನಾನೇ ಕಲಿತುಬಿಡ್ತೀನಿ."

ನಾಲ್ಕು ದಿನ ಹೋಯಿತು, ನಾಲ್ಕು ಪಾತ್ರೆ ಹೊತ್ತಿತು. ಐದನೇ ದಿನದಿಂದ ಅಕ್ಕತಂಗಿಯರು ಕಳ್ಳರ ಹಾಗೆ ಒಂದು ಏರ್ಪಾಡು ಮಾಡಿಕೊಂಡರು. ಐದೂವರೆಗೆ ತಂಗಿ ಬೆಕ್ಕಿನ ಹೆಜ್ಜೆ ಹಾಕಿ ಬಂದು ಒಲೆ ಹಚ್ಚುವುದು, ಹಾಲು ಕಾಯುವುದನ್ನು ಕಾಯುತ್ತ ನಿಲ್ಲುವುದು, ಕಾಫಿ ಬೆರೆಸಿಟ್ಟು ಮತ್ತೆ ಹೋಗಿ ಮಲಗಿದಂತೆ ಮಾಡುವುದು. ಆರಕ್ಕೆ ಪಿಟೀಲು ಎದ್ದು ಬಂದರೆ ದೊಡ್ಡಮ್ಮ ಲೋಟ ಕೈಗೆ ಕೊಡುವುದು.

"ನಿನ್ನ ಪ್ರೀತಿಗೆ ನನ್ನ ನಿದ್ದೆ ಯಾಕೆ ಸುಂಕ ಕಟ್ಟಬೇಕು?" ಎಂದು ತಂಗಿ ಆಕಳಿಸುತ್ತ ಗೊಣಗುತ್ತಿದ್ದಳು.

ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಪದ್ಯ ಹೇಳಿಕೊಳ್ಳುತ್ತಿದ್ದಳು. ಕಾಯಲು ಹಾಲಿಲ್ಲದ ಪದ್ಯ. ಐದಕ್ಕೆ ನಿಲ್ಲಿಸಿದರೂ ನಡೆಯುತ್ತಿತ್ತು, ಹದಿನೈದಾದರೂ ಯಾರೂ ಕೇಳುವಂತಿರಲಿಲ್ಲ. ಒಂದೆರಡು ದಿನ ಅವಳು ಪದ್ಯವನ್ನೇ ಹೇಳದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಂಗಿಯ ಚಮಚದ ಸದ್ದು ಕೇಳುತ್ತ ಕೂತಳು. ಆ ಚಮಚ ತನ್ನದು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅದೇ ಅವಳ ಸಂಕಟ.

ಮೂರು ವಾರ ಕಳೆಯಿತು. ಒಂದು ಸಂಜೆ ಪಿಟೀಲು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ ಒಳಗೆ ಬಂದಳು.

"ದೊಡ್ಡಮ್ಮಾ! ನಮ್ಮ ಒಲೆ ಸೋಮವಾರ ಅಚ್ಚಿಗೆ ಹೋಗುತ್ತೆ. ಅಚ್ಚು ಒಂದ್ಸಲ ಎರಕ ಹೊಯ್ದ್ರೆ ಮುಗೀತು, ಸಾವಿರಾರು ಒಲೆ, ಎಲ್ಲಾ ಒಂದೇ ಥರ. ಇವತ್ತು ಹೂಂ ಸಾಹೇಬ್ರು ಕೇಳಿದ್ರು, ಕಣ್ಣು ಕಾಣದವರು ಇದನ್ನ ಬಳಸೋಕಾಗುತ್ತಾ ಅಂತ."

ಹೂಂ ಸಾಹೇಬರು ಎಂದರೆ ಅವಳ ಮುಖ್ಯ ಎಂಜಿನಿಯರು. ಏನು ಕೇಳಿದರೂ ಹೂಂ ಎಂಬ ಒಂದೇ ಉತ್ತರ ಕೊಡುವವರಾದ್ದರಿಂದ ಅವರಿಗೆ ಮನೆಯಲ್ಲಿ ಆ ಹೆಸರು.

"ನೀನೇನಂದೆ?"

"ನಮ್ಮ ದೊಡ್ಡಮ್ಮ ಮೂರು ವಾರದಿಂದ ದಿನಾ ಇದರ ಮೇಲೇ ಕಾಫಿ ಮಾಡ್ತಾಳೆ ಅಂದೆ! ಅವರಿಗೆ ಎಷ್ಟು ಖುಷಿ ಆಯ್ತು ಗೊತ್ತಾ, ಎರಡು ಸಲ ಹೂಂ ಅಂದ್ರು. ಒಲೆ ಪೆಟ್ಟಿಗೆ ಮೇಲೆ ಪ್ರಿಂಟ್ ಹಾಕಿಸ್ತಾರಂತೆ, ಕಣ್ಣು ಕಾಣದವರೂ ಸಲೀಸಾಗಿ ಬಳಸಬಹುದು ಅಂತ. ಶುಕ್ರವಾರ ನಿನ್ನನ್ನ ಕರ್ಕೊಂಡು ಬರ್ಬೇಕಂತೆ. ಎಲ್ಲರೆದುರು ಒಂದ್ಸಲ ನೀರು ಕಾಯಿಸಿ ತೋರಿಸ್ಬೇಕು ಅಷ್ಟೇ."

ಅಡುಗೆಮನೆಯಲ್ಲಿ ತಂಗಿಯ ಕೈಯಿಂದ ತಟ್ಟೆಯೊಂದು ಬಿತ್ತು.

ಗುರುವಾರ ಇಡೀ ದಿನ, ಪಿಟೀಲು ಕೆಲಸಕ್ಕೆ ಹೋದ ಮೇಲೆ, ತಂಗಿ ಅಕ್ಕನಿಗೆ ಪಾಠ ಮಾಡಿದಳು. "ಎಡಗಡೆ ಅಂಚಿಂದ ನಾಲ್ಕು ಬೆರಳು, ಕೆಳಗಡೆ ಅಂಚಿಂದ ಎರಡು ಬೆರಳು. ಅಲ್ಲಿ ನೇರವಾಗಿ ಕುಟ್ಟು. ಬೇರೆಲ್ಲೂ ಮುಟ್ಟಬೇಡ. ಹ್ಞಾಂ, ಹಾಗೆ! ನೀರು ಕುದಿಯೋ ಸದ್ದು ಬಂದ ತಕ್ಷಣ ಮತ್ತೆ ಅಲ್ಲೇ ಕುಟ್ಟು. ಅಷ್ಟೇ ಅಕ್ಕ. ಒಂದೇ ಸಲ. ಬಂದುಬಿಡು."

ಹತ್ತರಲ್ಲಿ ಏಳು ಸಲ ಸರಿ ಬಂತು.

ರಾತ್ರಿಯ ಊಟ ಮುಗಿದ ಮೇಲೆ ದೊಡ್ಡಮ್ಮನಿಗೆ ಹಾಡುಗಾರನ ನೆನಪಾಯಿತು. ಆಸ್ಪತ್ರೆಯ ಬೋರ್ಡಿನಲ್ಲಿ ಸಂಜೆ ಪಾಳಿಗೆ ಬರುತ್ತಿದ್ದವನು, ಅವನಿಗೂ ಕಣ್ಣಿಲ್ಲ. ಕರೆ ಬಾರದ ಹೊತ್ತಿನಲ್ಲಿ ಗುನುಗುತ್ತಿದ್ದ. ಈಗ ಒಂದು ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಅವನಿಗೆ ಐದೂವರೆಗೆ ಎದ್ದು ಬಂದು ಸ್ವಿಚ್ಚು ಆರಿಸುವ ತಂಗಿ ಇಲ್ಲ. ನಾಳೆ ಅಂಗಡಿಯವನು ಪೆಟ್ಟಿಗೆಯ ಮೇಲಿನ ಮಾತನ್ನು ಓದಿ ಹೇಳುತ್ತಾನೆ, ಅವನು ನಂಬಿ ಕೊಳ್ಳುತ್ತಾನೆ. ಆ ಮಾತಿಗೆ ಸಾಕ್ಷಿ ಯಾರು? ತಾನು. ದೇವರ ಮುಂದೆ ದಿನಾ ಪದ್ಯ ಹೇಳುವ ಇದೇ ಬಾಯಿ.

ಶುಕ್ರವಾರ ಕಾರ್ಖಾನೆಯ ಟೆಸ್ಟ್ ರೂಮಿನಲ್ಲಿ ಅಂಟಿನ ವಾಸನೆ, ಬಿಸಿ ಗಾಜಿನ ವಾಸನೆ. ಐದಾರು ಜನರ ಉಸಿರು. ಒಂದು ಜೊತೆ ಬೂಟು ಕಿರ್ ಕಿರ್ ಎಂದು ಹತ್ತಿರ ಬಂತು.

"ನಮಸ್ಕಾರ ಅಮ್ಮಾ. ಬಂದಿದ್ದು ಸಂತೋಷ."

"ನಮಸ್ಕಾರ ಹೂಂ..." ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡಳು. "ಹೂಂ, ನಮಸ್ಕಾರ ಸಾಹೇಬ್ರೇ."

ಪಕ್ಕದಲ್ಲಿ ಪಿಟೀಲು ಕೆಮ್ಮಿದಳು.

ಮೇಜಿನ ಮೇಲೆ ಒಲೆ, ಒಲೆಯ ಮೇಲೆ ನೀರಿನ ಪಾತ್ರೆ. ದೊಡ್ಡಮ್ಮ ಎಡ ಅಂಚು ಹಿಡಿದಳು. ನಾಲ್ಕು ಬೆರಳು ಅಳೆದಳು. ಕೆಳಗಿನಿಂದ ಎರಡು. ತೋರುಬೆರಳು ಸರಿಯಾದ ಜಾಗದ ಮೇಲೆ ಗಾಳಿಯಲ್ಲಿ ನಿಂತಿತು. ಕುಟ್ಟಿದರೆ ಆಯಿತು. ಪಕ್ಕದಲ್ಲಿ ಪಿಟೀಲು ಉಸಿರು ಬಿಗಿಹಿಡಿದಿರುವುದು ಕೇಳುತ್ತಿತ್ತು. ಆ ಉಸಿರನ್ನು ಆರು ತಿಂಗಳ ಕೂಸಾಗಿದ್ದಾಗಿನಿಂದ ಬಲ್ಲಳು.

ಬೆರಳು ಹಿಂದಕ್ಕೆ ಬಂತು.

"ಸಾಹೇಬ್ರೇ, ನನಗೆ ಈ ಒಲೆ ಬರಲ್ಲ."

ಪಿಟೀಲು ಮೆಲ್ಲಗೆ, "ದೊಡ್ಡಮ್ಮಾ, ಗಾಬರಿ ಬೇಡ, ಮನೇಲಿ ಮಾಡೋ ಹಾಗೇ..." ಎಂದಳು.

"ಮನೇಲಿ ನಾನು ಮಾಡ್ತಿಲ್ಲ ಕಣೇ. ನಿಮ್ಮಮ್ಮ ಮಾಡ್ತಿದಾಳೆ. ನಿನಗೆ ಬೇಜಾರಾಗುತ್ತೆ ಅಂತ ಮುಚ್ಚಿಟ್ಟೆ. ತಪ್ಪು ನಂದು, ಒಪ್ಕೊಂಡೆ. ಆದ್ರೆ ಪೆಟ್ಟಿಗೆ ಮೇಲೆ ಆ ಮಾತು ಹಾಕ್ಬೇಡಿ."

"ಹೂಂ," ಎಂದರು ಸಾಹೇಬರು. ಆಮೇಲೆ ಅಪರೂಪಕ್ಕೆ ಇನ್ನೂ ಮಾತಾಡಿದರು. "ಆದ್ರೆ ಅಮ್ಮಾ, ನಾವು ಕಣ್ಣು ಕಟ್ಟಿಕೊಂಡು ಪರೀಕ್ಷೆ ಮಾಡಿದೀವಿ. ನಾನೂ ಮಾಡಿದೀನಿ. ಒಂದು ತಪ್ಪೂ ಆಗಲಿಲ್ಲ."

"ಆ ಟವೆಲ್ ಇದೆಯಾ? ಕಟ್ಕೊಳ್ಳಿ. ಯಾರಾದ್ರೂ ಒಬ್ರು ಒಲೇನ ಹೇಗೆ ಬೇಕೋ ಹಾಗೆ ತಿರುಗಿಸಿಡಿ, ಇವರಿಗೆ ಹೇಳ್ಬೇಡಿ."

ಒಲೆ ಮೇಜಿನ ಮೇಲೆ ಸರಿಯಿತು. ಸಾಹೇಬರು ಬಂದರು, ಬೆರಳಿಟ್ಟರು. ಕುಂಯ್. ಇನ್ನೊಂದು ಕಡೆ ಇಟ್ಟರು. ಕುಂಯ್ ಕುಂಯ್. ಹುಡುಕುತ್ತ ಅಂಗೈ ಪೂರ್ತಿ ಇಟ್ಟರು. ಒಲೆ ಉದ್ದಕ್ಕೆ ಒಂದು ರಾಗ ಎಳೆದು ಬೀಗ ಹಾಕಿಕೊಂಡಿತು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಕ್ಕವರ ಸರದಿ. ಅವರದ್ದೂ ಅದೇ ಕುಂಯ್. ಕೊನೆಗೆ ಪಿಟೀಲು. ಅವಳು ಐದು ಸಲ ಹುಡುಕಿ, ಐದು ಸಲವೂ ಬೇರೆಯದನ್ನೇ ಹಚ್ಚಿ, ಟವೆಲ್ ಬಿಚ್ಚಿ ಮೇಜಿನ ಮೇಲಿಟ್ಟಳು. ಅವಳಿಗೆ ನಗು ಬರಲಿಲ್ಲ.

"ನೀವು ಕಣ್ಣು ಮಾತ್ರ ಕಟ್ಕೊಂಡಿದ್ರಿ," ಎಂದಳು ದೊಡ್ಡಮ್ಮ. "ಎಲ್ಲೇನಿದೆ ಅನ್ನೋದು ತಲೇಲಿ ಹಾಗೇ ಇತ್ತಲ್ಲ, ಅದನ್ನ ಯಾರು ಕಟ್ತಾರೆ? ನೀವೇ ಬರೆದಿದ್ದನ್ನ ನೀವೇ ಓದಿದ ಹಾಗೆ."

"ಮನೇಲಿ ಒಲೇನ ಯಾರೂ ತಿರುಗಿಸಿಡಲ್ಲವಲ್ಲ ಅಮ್ಮಾ?" ಎಂದಿತು ಒಂದು ಹೊಸ ದನಿ.

"ನನ್ನ ಹಳೇ ಒಲೆ ಇಪ್ಪತ್ತೇಳು ವರ್ಷ ಒಂದೇ ಜಾಗದಲ್ಲಿತ್ತಪ್ಪಾ. ಆದ್ರೂ ದಿನಾ ಮುಟ್ಟಿ ನೋಡೇ ತಿರುಗಿಸ್ತಿದ್ದೆ. ನೀನು ನಿನ್ನ ಮನೆ ಸ್ವಿಚ್ಚು ನೋಡದೇ ಹಾಕ್ತೀಯಾ? ನಂಗೆ ನೋಡೋದು ಅಂದ್ರೆ ಮುಟ್ಟೋದು. ನೀನು ಒಂದ್ಸಲ ಕಣ್ಣು ಹಾಯಿಸಿದ ಕೂಡ್ಲೇ ಒಲೆ ಹತ್ತಿಕೊಂಡ್ರೆ, ಇನ್ನೊಂದ್ಸಲ ನೋಡಿದ್ರೆ ಆರಿಹೋದ್ರೆ, ನೀನು ಅಡುಗೆಮನೆಗೆ ಹೋಗ್ತೀಯೇನಪ್ಪಾ?"

ಸಾಹೇಬರ ಬೂಟು ಕಿಟಕಿಯವರೆಗೆ ಹೋಗಿ ಹಿಂದಕ್ಕೆ ಬಂತು.

"ಸೋಮವಾರ ಅಚ್ಚಿಗೆ ಕೊಡೋದು ಬೇಡ," ಎಂದರು. "ಎರಡು ತಿಂಗಳು ತಗೊಳ್ಳಿ. ಅಮ್ಮಾ, ಮುಂದಿನ ಪರೀಕ್ಷೆಗೂ ನೀವೇ ಬರ್ಬೇಕು. ನಿಮ್ಮ ಪರಿಚಯದವರು ಇನ್ನೂ ಯಾರಾದ್ರೂ ಇದ್ದಾರಾ?"

"ಒಬ್ಬ ಹಾಡುಗಾರ ಇದಾನೆ. ಬಾಯಿ ಸ್ವಲ್ಪ ಜೋರು."

"ಹೂಂ."

ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ನಾಲ್ಕು ನಿಲ್ದಾಣ ಕಳೆದ ಮೇಲೆ ಪಿಟೀಲು, "ಕಾಲು ಸುಟ್ಕೊಂಡ್ಯಂತೆ. ಬಸ್ ಹತ್ತೋ ಮುಂಚೆ ಅಮ್ಮ ಫೋನಲ್ಲಿ ಹೇಳಿದ್ಲು," ಎಂದಳು.

"ಅಯ್ಯೋ, ಅದು ಎಂದೋ ವಾಸಿಯಾಯ್ತು."

"ಮೂರು ವಾರ ನನ್ನ ಕೈಗೆ ಲೋಟ ಕೊಟ್ಟು, ಹೇಗಿದೆ ಅಂತ ಬೇರೆ ಕೇಳ್ತಿದ್ದೆ. ನಾನು ಚೆನ್ನಾಗಿದೆ ಅಂತಿದ್ದೆ. ಅಮ್ಮನ ಕೈ ಕಾಫಿ ಅಂತ ನನಗೆ ಗೊತ್ತೇ ಆಗ್ಲಿಲ್ಲ." ದನಿ ಒಡೆಯಿತು. "ಸಿಹಿ ಜಾಸ್ತಿ ಇತ್ತು ದೊಡ್ಡಮ್ಮಾ. ನಾನು ಗಮನಿಸ್ಬೇಕಿತ್ತು. ಒಲೆ ಒಂದರ ಮೇಲೇ ಗಮನ ಇತ್ತು ನಂಗೆ."

ದೊಡ್ಡಮ್ಮ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೆರಳ ತುದಿಗಳು ಅಂಟು, ಗಾಜು ಮುಟ್ಟಿ ಮುಟ್ಟಿ ಒರಟಾಗಿದ್ದವು.

"ಅಳ್ಬೇಡ ಪಿಟೀಲು. ಬಸ್ಸಲ್ಲಿರೋರು ದುಡ್ಡು ಹಾಕ್ತಾರೆ."

ಪಿಟೀಲಿಗೆ ಅಳುವಿನ ನಡುವೆ ನಗು ಬಂತು. ಮೂಗು ಒರೆಸಿಕೊಳ್ಳಲು ಕೈ ಬೇಕಾಗಿತ್ತು, ಆದರೆ ದೊಡ್ಡಮ್ಮ ಬಿಡಲಿಲ್ಲ.

ಮನೆಗೆ ಹೋದ ಕೂಡಲೇ ಪಿಟೀಲು ಕುರ್ಚಿ ಹಾಕಿ ಅಟ್ಟ ಹತ್ತಿ ಹಳೆಯ ಒಲೆ ಇಳಿಸಿದಳು. ತಂಗಿ ಮಾರನೆಯ ದಿನ ಏಳೂವರೆಯವರೆಗೆ ಮಲಗಿದಳು, ಬಾಕಿಯನ್ನೆಲ್ಲ ಒಟ್ಟಿಗೇ ತೀರಿಸಿಕೊಂಡವಳ ಹಾಗೆ.

ಆಮೇಲಿನ ಎರಡು ತಿಂಗಳು ಊಟದ ಮೇಜೇ ಕಾರ್ಖಾನೆ. ಪಿಟೀಲು ರಟ್ಟಿನಲ್ಲಿ, ಮೇಣದಲ್ಲಿ, ಮರದ ಚೂರಿನಲ್ಲಿ ಏನೇನೋ ಮಾಡಿ ದೊಡ್ಡಮ್ಮನ ಕೈಗಿಡುವಳು. ಒಂದು ಸಲ ಮಾತಾಡುವ ಒಲೆ ತಂದಳು. ಅದು ಹತ್ತಿದರೂ ಹೇಳಿತು, ಹೆಚ್ಚಿದರೂ ಹೇಳಿತು, ಪಾತ್ರೆ ಇಲ್ಲವೆಂದೂ ಹೇಳಿತು, ಪಾತ್ರೆ ಇಟ್ಟ ಮೇಲೆ ಧನ್ಯವಾದ ಎಂದೂ ಹೇಳಿತು. "ಪದ್ಯದ ಮಧ್ಯೆ ಬಾಯಿ ಹಾಕುತ್ತಲ್ಲೇ ಇದು, ಅಧಿಕಪ್ರಸಂಗಿ! ಕೇಳಿದಾಗ ಹೇಳಿದ್ರೆ ಸಾಕು ಅನ್ನು," ಎಂದಳು ದೊಡ್ಡಮ್ಮ. ಹಾಡುಗಾರ ಒಂದು ದಿನ ಬಂದು ಎರಡು ಗಂಟೆ ಕೂತು ಹನ್ನೊಂದು ತಪ್ಪು ಹುಡುಕಿದ, ಮೂರು ಲೋಟ ಕಾಫಿ ಕುಡಿದ. ಹೂಂ ಸಾಹೇಬರ ಹೂಂಕಾರ ಯಾವ ಶ್ರುತಿಯಲ್ಲಿದೆ ಎಂದು, ಕಾರ್ಖಾನೆಯ ಪರೀಕ್ಷೆಗೂ ಹೋಗಿ ಬಂದ ಮೇಲೆ, ಹಾಡಿಯೂ ತೋರಿಸಿದ.

ಬೆಳಗ್ಗೆ ದೊಡ್ಡಮ್ಮ ಹಳೆಯ ಒಲೆಯ ಮುಂದೆ ನಿಂತಾಗ ಒಂದು ವಿಚಿತ್ರ ನಡೆಯುತ್ತಿತ್ತು. ಏಳುವುದೆಂದರೆ ಸಂಕಟಪಡುತ್ತಿದ್ದ ಪಿಟೀಲು ಐದೂವರೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದಳು. "ಮಲ್ಕೋ ಹೋಗೇ, ಆರರ ತನಕ ಇಲ್ಲಿ ಪ್ರವೇಶ ಇಲ್ಲ," ಎಂದರೆ, "ಹೊಸ್ತಿಲ ಈಚೆ ಇದೀನಿ," ಎಂದು ಸುಮ್ಮನೆ ಕೇಳುತ್ತ ಕೂತಿರುತ್ತಿದ್ದಳು. ಪದ್ಯದ ರುಚಿ ಹತ್ತಿತೇನೋ ಎಂದು ದೊಡ್ಡಮ್ಮನಿಗೆ ಒಳಗೊಳಗೇ ಹಿಗ್ಗು.

ಕೊನೆಗೆ ಒಂದು ಭಾನುವಾರ ಹೊಸ ಒಲೆ ಮನೆಗೆ ಬಂತು. ಅದೇ ಗಾಜು, ಆದರೆ ಮುಂದಿನ ಅಂಚಿನಲ್ಲಿ ಒಂದು ಗುಂಡನೆಯ ನಾಬು. ಒತ್ತಿದರೆ ಮಾತ್ರ ಹತ್ತುತ್ತಿತ್ತು, ಬರಿದೆ ಸವರಿದರೆ ಸುಮ್ಮನಿರುತ್ತಿತ್ತು. ಬಲಕ್ಕೆ ತಿರುಗಿಸಿದರೆ ಒಂದೊಂದು ಹೆಜ್ಜೆಗೂ ಬೆರಳಿಗೆ ಕಟಕ್ ಎಂದು ತಿಳಿಯುತ್ತಿತ್ತು. ಒಟ್ಟು ಒಂಬತ್ತು ಹೆಜ್ಜೆ. ಎಡಕ್ಕೆ ಕೊನೆಯವರೆಗೆ ತಿರುಗಿಸಿದರೆ ಆರುತ್ತಿತ್ತು. ದೊಡ್ಡಮ್ಮ ಕಾಲು ಗಂಟೆ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಒಲೆ ಒಂದು ಸಲವೂ ಕುಂಯ್ ಎನ್ನಲಿಲ್ಲ.

"ಸಂಭಾವಿತ ಒಲೆ," ಎಂದಳು.

"ಬಂಗಾರದಂಥದ್ದು ಅನ್ಬೇಡ, ನಂಬಲ್ಲ ನಾನು," ಎಂದಳು ಪಿಟೀಲು. "ನಾಳೆ ಹಾಲಿಗೆ ನಾಲ್ಕು ಕಟಕ್ ಇಡು. ನಿನ್ನ ಪಾತ್ರೆ, ನಿನ್ನ ಅಳತೆ ಹಾಲು. ನಾಲ್ಕೇ ಇಡ್ಬೇಕು."

"ಯಾಕೆ ನಾಲ್ಕೇ?"

"ಸುಮ್ನೆ. ಎಂಜಿನಿಯರ್ ಹೇಳಿದ್ಮೇಲೆ ಕೇಳ್ಬೇಕು."

ಸೋಮವಾರ ಐದೂವರೆಗೆ ದೊಡ್ಡಮ್ಮ ಪಾತ್ರೆ ಇಟ್ಟಳು, ಒತ್ತಿದಳು, ನಾಲ್ಕು ಕಟಕ್ ಎಣಿಸಿದಳು. ಮೊದಲ ಪದ್ಯ ಎತ್ತಿದಳು. ಮೂರನೆಯದು ಬಂದಾಗ ಹಿಂದಿನದನ್ನು ನೆನೆದು ಪಾದ ಹಿಂದಕ್ಕೆಳೆದುಕೊಂಡಳು. ಏನೂ ಆಗಲಿಲ್ಲ. ನಾಲ್ಕು, ಐದು. ಕೋಣೆಯಿಂದ ನಿದ್ದೆಗಣ್ಣಿನ ದನಿ ಬಂತು.

"ದೊಡ್ಡಮ್ಮಾ, ಎಷ್ಟನೇದು?"

"ಆರು. ಮಲ್ಕೋ."

ಏಳನೆಯದಕ್ಕೆ ಪಾತ್ರೆಯ ಅಂಚಿನಲ್ಲಿ ಸಣ್ಣಗೆ ಸರಸರ ಸದ್ದು ಶುರುವಾಯಿತು. ಹುಡುಗಿ ಎರಡು ತಿಂಗಳು ಹೊಸ್ತಿಲಲ್ಲಿ ಕೂತು ಅಳೆದದ್ದು ಏನನ್ನು ಎಂಬುದು ದೊಡ್ಡಮ್ಮನಿಗೆ ಆಗ ಹೊಳೆಯಿತು. ಕೋಣೆಯ ಕಡೆ ಮುಖ ತಿರುಗಿಸಿದಳು. ಆದರೆ ಹಾಲು ಯಾರಿಗೂ ಕಾಯುವುದಿಲ್ಲವಾದ್ದರಿಂದ, ಅವಳು ದನಿ ಸರಿಮಾಡಿಕೊಂಡು ಎಂಟನೆಯದನ್ನು ಎತ್ತಿದಳು. ಕೊನೆಯ ಸಾಲಿಗೆ ಹಾಲು ಎದ್ದಿತು. ನಾಬನ್ನು ಎಡಕ್ಕೆ ತಿರುಗಿಸಿ, ಪದ್ಯ ಮುಗಿಸಿ, ಕೈಮುಗಿದು, ತನ್ನ ಚಮಚಕ್ಕೆ ಕೈ ಹಾಕಿದಳು.